ಮೈಸೂರು–ಮಂಡ್ಯದಿಂದ ಸೈಬರ್ ಭದ್ರತೆಯ ಕೆಲಸಕ್ಕೆ: ಹೊಸಬರು ಎಲ್ಲಿಂದ ಆರಂಭಿಸಬೇಕು?

ಮೈಸೂರು, ಮಂಡ್ಯದ ಕಾಲೇಜುಗಳಿಗೆ ಮಾತನಾಡಲು ಹೋದಾಗಲೆಲ್ಲ ಮೊದಲು ಬರುವ ಪ್ರಶ್ನೆ ಒಂದೇ: ‘ಸರ್, ಹ್ಯಾಕಿಂಗ್ ಕಲಿಯಲು ಎಷ್ಟು ತಿಂಗಳು ಬೇಕು?’ ಕೆಲಸ ಕೊಡುವವರು ಕೇಳುವ ಪ್ರಶ್ನೆ ಬೇರೆಯೇ ಇರುತ್ತದೆ. ಸರ್ವರ್ ಒಂದರ ದಾಖಲೆಯ (ಲಾಗ್) ಒಂದು ಪುಟವನ್ನು ಮುಂದಿಟ್ಟು, ‘ಇಲ್ಲಿ ಏನು ನಡೆದಿದೆ? ಬರೆದುಕೊಡಿ’ ಎನ್ನುತ್ತಾರೆ. ಇಪ್ಪತ್ತು ಟೂಲ್‌ಗಳ ಹೆಸರನ್ನು ಬಾಯಿಪಾಠ ಮಾಡಿಕೊಂಡು ಬಂದವರು ಅಲ್ಲಿ ತಡವರಿಸುತ್ತಾರೆ. ಎರಡೇ ಟೂಲ್ ಬಲ್ಲವರಾದರೂ ಸಾಲು ಸಾಲಾಗಿ ಓದಿ ಅರ್ಥ ಹೇಳಬಲ್ಲವರು ಮುಂದಿನ ಸುತ್ತಿಗೆ ಹೋಗುತ್ತಾರೆ. ಆ ಪುಟವನ್ನು ಓದಲು, ಓದಿದ್ದನ್ನು ಬರೆಯಲು ಮನೆಯಲ್ಲಿ ಕುಳಿತೇ ಹೇಗೆ ಸಿದ್ಧರಾಗಬಹುದು ಎಂಬುದನ್ನು ಇಲ್ಲಿ ಹೇಳುತ್ತೇನೆ. ಬಿಇ ಓದಿದವರಿಗಷ್ಟೇ ಅಲ್ಲ, ಡಿಪ್ಲೊಮಾ, ಬಿಸಿಎ, ಬಿಎಸ್ಸಿ ಮಾಡಿದವರಿಗೂ, ಬಿಕಾಂ ಮುಗಿಸಿ ಮುಂದೇನು ಎಂದು ಯೋಚಿಸುತ್ತಿರುವವರಿಗೂ ಇದು ಅನ್ವಯಿಸುತ್ತದೆ.

ಹಂತ 1: ಯಾವ ಕೆಲಸ ಎಂದು ಮೊದಲು ತಿಳಿಯಿರಿ

ಹೊಸಬರಿಗೆ ಹೆಚ್ಚಾಗಿ ಸಿಗುವುದು ಎಸ್‌ಒಸಿ (ಸೆಕ್ಯುರಿಟಿ ಆಪರೇಷನ್ಸ್ ಸೆಂಟರ್), ಅಂದರೆ ಭದ್ರತೆಯ ಮೇಲೆ ಕಣ್ಣಿಡುವ ಕೇಂದ್ರದಲ್ಲಿ ಅನಲಿಸ್ಟ್ ಕೆಲಸ. ಒಂದು ಸಂಸ್ಥೆಯ ಕಂಪ್ಯೂಟರುಗಳು, ಸರ್ವರುಗಳು, ಫೈರ್‌ವಾಲ್‌ಗಳು ದಿನವಿಡೀ ಬರೆದಿಡುವ ದಾಖಲೆಗಳೆಲ್ಲ ಒಂದೆಡೆ ಬಂದು ಸೇರುತ್ತವೆ. ಅನುಮಾನ ಹುಟ್ಟಿಸುವಂಥದ್ದು ಕಂಡಾಗ ಪರದೆಯ ಮೇಲೆ ಅಲರ್ಟ್ ಬರುತ್ತದೆ. ಅದು ನಿಜವಾದ ದಾಳಿಯೋ, ಯಾರೋ ಪಾಸ್‌ವರ್ಡ್ ಮರೆತು ಮಾಡಿದ ರಗಳೆಯೋ ಎಂದು ಮೊದಲ ಹಂತದ ಅನಲಿಸ್ಟ್ ತೀರ್ಮಾನಿಸಬೇಕು. ಬಹುಪಾಲು ಅಲರ್ಟ್‌ಗಳು ಎರಡನೆಯ ಬಗೆಯವು. ಬೇಸರ ಹಿಡಿಸುವ ಕೆಲಸವೇ ಸರಿ, ಅದನ್ನು ಮುಚ್ಚಿಡುವುದಿಲ್ಲ. ರಾತ್ರಿ ಪಾಳಿಯೂ ಇರುತ್ತದೆ. ಆದರೆ ಇಲ್ಲಿ ಒಂದೆರಡು ವರ್ಷ ಕಣ್ಣು ಪಳಗಿಸಿಕೊಂಡವರು ಮುಂದೆ ಯಾವ ಕವಲಿಗಾದರೂ ಹೋಗಬಲ್ಲರು.

ಎಲ್ಲರ ಕಣ್ಣೂ ನೆಟ್ಟಿರುವುದು ಎರಡನೆಯ ಕೆಲಸದ ಮೇಲೆ: ಪೆನೆಟ್ರೇಷನ್ ಟೆಸ್ಟಿಂಗ್. ಮಾಲೀಕರ ಲಿಖಿತ ಅನುಮತಿ ಪಡೆದು ಅವರ ವ್ಯವಸ್ಥೆಯೊಳಗೆ ನುಗ್ಗಲು ಯತ್ನಿಸುವುದು, ದೋಷ ಕಂಡರೆ ವರದಿ ಕೊಡುವುದು. ಇದರಲ್ಲಿ ಹೊಸಬರಿಗೆ ಸ್ಥಾನಗಳು ಕಡಿಮೆ, ಪೈಪೋಟಿ ಹೆಚ್ಚು.

ಮೂರನೆಯದನ್ನು ನಮ್ಮ ಹುಡುಗರು ತಿರುಗಿಯೂ ನೋಡುವುದಿಲ್ಲ. ಅದು ನಿಯಮಪಾಲನೆ ಮತ್ತು ಆಡಿಟ್. ಸಂಸ್ಥೆ ತನ್ನ ಮಾಹಿತಿಯನ್ನು ನಿಯಮದಂತೆ ಕಾಪಾಡುತ್ತಿದೆಯೇ ಎಂದು ಪರಿಶೀಲಿಸುವ ಕೆಲಸ. ಮಾಹಿತಿ ಭದ್ರತೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 27001ರ 2022ರ ಆವೃತ್ತಿಯಲ್ಲಿ 93 ನಿಯಂತ್ರಣಗಳು, ಅಂದರೆ ಭದ್ರತಾ ಕ್ರಮಗಳು ಇವೆ; ಒಂದೊಂದಕ್ಕೂ ಸಾಕ್ಷ್ಯ ಕೇಳಿ, ನೋಡಿ, ದಾಖಲಿಸಬೇಕು. ಲೆಕ್ಕಪತ್ರ ಪರಿಶೋಧನೆಯ ಪರಿಚಯವಿರುವ ಬಿಕಾಂ ಪದವೀಧರರಿಗೆ ಇದು ಹೊಂದುತ್ತದೆ. ಭಾರತೀಯ ರಿಸರ್ವ್ ಬ್ಯಾಂಕ್ 2019ರ ಡಿಸೆಂಬರ್‌ನಲ್ಲಿ ನಗರ ಸಹಕಾರ ಬ್ಯಾಂಕುಗಳಿಗೂ ನಾಲ್ಕು ಹಂತಗಳ ಸೈಬರ್ ಭದ್ರತಾ ಚೌಕಟ್ಟನ್ನು ಹೊರಡಿಸಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ದತ್ತಾಂಶಕ್ಕೆ ತಕ್ಕ ಭದ್ರತೆ ಒದಗಿಸದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಸಹಕಾರ ಬ್ಯಾಂಕುಗಳು ಬೀದಿಬೀದಿಗೆ ಇರುವ ನಮ್ಮ ಎರಡು ಜಿಲ್ಲೆಗಳಲ್ಲಿ ಈ ಬಗೆಯ ಕೆಲಸ ತಿಳಿದವರಿಗೆ ಬೇಡಿಕೆ ಬರುತ್ತದೆ ಎಂಬುದು ನನ್ನ ಅಂದಾಜು.

ಡಿಜಿಟಲ್ ಫೊರೆನ್ಸಿಕ್ಸ್, ಕ್ಲೌಡ್ ಭದ್ರತೆ, ಕಾರ್ಖಾನೆಯ ಯಂತ್ರಗಳ ನಿಯಂತ್ರಣ ವ್ಯವಸ್ಥೆಗಳ ಭದ್ರತೆ ಇತ್ಯಾದಿ ಇನ್ನೂ ಇವೆ. ಅವನ್ನು ಈಗಲೇ ತಲೆಗೆ ಹಚ್ಚಿಕೊಳ್ಳಬೇಡಿ.

ಹಂತ 2: ಕಾನೂನಿನ ಗೆರೆ

ಇದನ್ನು ಟೂಲ್ ಮುಟ್ಟುವ ಮೊದಲೇ ಓದಿ. ಮಾಲೀಕರ ಅನುಮತಿ ಇಲ್ಲದೆ ಮತ್ತೊಬ್ಬರ ಕಂಪ್ಯೂಟರ್ ಅಥವಾ ನೆಟ್‌ವರ್ಕ್ ಪ್ರವೇಶಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೆಯ ಸೆಕ್ಷನ್ನಿನ ವ್ಯಾಪ್ತಿಗೆ ಬರುತ್ತದೆ. ಅದನ್ನೇ ಅಪ್ರಾಮಾಣಿಕವಾಗಿ ಅಥವಾ ವಂಚನೆಯ ಉದ್ದೇಶದಿಂದ ಮಾಡಿದರೆ 66ನೆಯ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ‘ಸುಮ್ಮನೆ ನೋಡಿದೆ ಸರ್, ಏನೂ ಕದಿಯಲಿಲ್ಲ’ ಎಂಬುದನ್ನು ಠಾಣೆಯಲ್ಲಿ ಕುಳಿತು ಸಾಬೀತುಪಡಿಸುವ ಪಾಡು ಯಾರಿಗೂ ಬೇಡ. ಕಾಲೇಜಿನ ವೈಫೈ, ಪಕ್ಕದ ಮನೆಯ ಸಿಸಿಟಿವಿ, ವಿಶ್ವವಿದ್ಯಾಲಯದ ಫಲಿತಾಂಶದ ತಾಣ ಇವೆಲ್ಲ ಪರರ ಸೊತ್ತು. ಅಭ್ಯಾಸಕ್ಕೆಂದೇ ಕಟ್ಟಿದ ತಾಣಗಳು ಬೇಕಾದಷ್ಟಿವೆ, ಮುಂದೆ ಹೇಳುತ್ತೇನೆ. ಪೊಲೀಸ್ ಪ್ರಕರಣ ಹೆಸರಿಗೆ ಅಂಟಿದರೆ ಉದ್ಯೋಗಕ್ಕೆ ಮೊದಲು ನಡೆಯುವ ಹಿನ್ನೆಲೆ ಪರಿಶೀಲನೆಯಲ್ಲೇ ದಾರಿ ಮುಚ್ಚಿಹೋಗಬಹುದು.

ಹಂತ 3: ನೆಟ್‌ವರ್ಕ್ ಮತ್ತು ಲಿನಕ್ಸ್

ಸರಿಯಾಗಿ ನಡೆಯುವುದು ಹೇಗಿರುತ್ತದೆ ಎಂದು ತಿಳಿಯದವರಿಗೆ ತಪ್ಪು ನಡೆದದ್ದು ಕಾಣುವುದಿಲ್ಲ. ಆದ್ದರಿಂದ ಮೊದಲ ಎರಡು ಮೂರು ತಿಂಗಳು ಭದ್ರತೆಯ ಹೆಸರೆತ್ತದೆ ನೆಟ್‌ವರ್ಕಿಂಗ್ ಕಲಿಯಿರಿ. ವೈರ್‌ಶಾರ್ಕ್ ಎಂಬುದು ನೆಟ್‌ವರ್ಕಿನಲ್ಲಿ ಓಡಾಡುವ ದತ್ತಾಂಶವನ್ನು ತೋರಿಸುವ ಉಚಿತ ತಂತ್ರಾಂಶ. ಅದನ್ನು ಹಾಕಿಕೊಂಡು ನಿಮ್ಮದೇ ಕಂಪ್ಯೂಟರಿನ ಸಂಚಾರವನ್ನು ನೋಡಿ. ಕಮಾಂಡ್ ಪರದೆಯಲ್ಲಿ ‘ಎನ್‌ಎಸ್‌ಲುಕಪ್’ ಬಳಸಿ ಯಾವುದಾದರೂ ತಾಣದ ವಿಳಾಸ ಕೇಳಿದರೆ, 53ನೆಯ ಪೋರ್ಟಿನತ್ತ (ಪೋರ್ಟ್ ಎಂದರೆ ಒಂದೊಂದು ಸೇವೆಗೆ ಇರುವ ಸಂಖ್ಯೆಯ ಬಾಗಿಲು) ಪ್ರಶ್ನೆ ಹೋಗುವುದೂ ಅಂಕಿಗಳ ಐಪಿ ವಿಳಾಸವಾಗಿ ಉತ್ತರ ಬರುವುದೂ ಕಾಣುತ್ತದೆ. ತಾಣ ತೆರೆದಾಗ ಸಾಮಾನ್ಯವಾಗಿ ಸಂಪರ್ಕ ಶುರು ಮಾಡುವ ಮೂರು ಪುಟ್ಟ ಪ್ಯಾಕೆಟ್‌ಗಳು, ಅಂದರೆ ದತ್ತಾಂಶದ ತುಣುಕುಗಳು ಕಾಣುತ್ತವೆ: ಸಿನ್, ಸಿನ್-ಆಕ್, ಆಕ್. ಅದಾದ ಮೇಲೆ 443ನೆಯ ಪೋರ್ಟಿನಲ್ಲಿ ಗೂಢಲಿಪೀಕರಣದ ಮಾತುಕತೆ. ಒಳಗಿನ ವಿಷಯ ಓದಲಾಗದಿದ್ದರೂ, ಯಾವ ತಾಣಕ್ಕೆ ಹೋಗುತ್ತಿದ್ದೀರಿ ಎಂಬುದು ಮೊದಲ ಪ್ಯಾಕೆಟ್‌ಗಳಲ್ಲಿ ಬಹುತೇಕ ಹಾಗೆಯೇ ಕಾಣುತ್ತದೆ. ಇದನ್ನು ಒಮ್ಮೆ ಕಣ್ಣಾರೆ ಕಂಡವರಿಗೆ ನೆಟ್‌ವರ್ಕನ್ನು ಏಳು ಪದರಗಳಾಗಿ ವಿವರಿಸುವ ಪಠ್ಯಪುಸ್ತಕದ ಚಿತ್ರ ಮರೆತುಹೋದರೂ ನಷ್ಟವಿಲ್ಲ.

ಲಿನಕ್ಸ್ ಎಂಬುದು ಸರ್ವರುಗಳಲ್ಲಿ ಹೆಚ್ಚಾಗಿ ಬಳಸುವ ಕಾರ್ಯಾಚರಣಾ ವ್ಯವಸ್ಥೆ. ಅದನ್ನು ಕಲಿಯಲು ಓವರ್‌ದವೈರ್ ಎಂಬ ತಾಣದ ‘ಬ್ಯಾಂಡಿಟ್’ ಆಟವನ್ನು ಆಡಿ. ಉಚಿತ. ಮುಂದಿನ ಮಟ್ಟದ ಪಾಸ್‌ವರ್ಡನ್ನು ಆಯಾ ಮಟ್ಟದಲ್ಲೇ ಹುಡುಕಬೇಕು. ಮೊದಮೊದಲ ಮಟ್ಟವೊಂದರಲ್ಲಿ ಕಡತದ ಹೆಸರೇ ಬರೀ ಒಂದು ಅಡ್ಡಗೆರೆ. ಎಂದಿನಂತೆ ತೆರೆಯಲು ಹೋದರೆ ಕಂಪ್ಯೂಟರ್ ಸುಮ್ಮನೆ ಕಾಯುತ್ತ ಕೂರುತ್ತದೆ. ಏಕೆ ಎಂದು ನೀವೇ ಕಂಡುಕೊಳ್ಳಿ, ಯೂಟ್ಯೂಬಿನಲ್ಲಿ ಉತ್ತರ ನೋಡಬೇಡಿ.

ಕೋಡಿಂಗ್ ಬೇಕೇ ಎಂದು ಕೇಳುತ್ತಾರೆ. ಆರಂಭಕ್ಕೆ ಪೈಥಾನ್‌ನಲ್ಲಿ ಒಂದು ಕಡತ ತೆರೆದು, ಸಾಲುಗಳನ್ನು ಓದಿ, ಬೇಕಾದ್ದನ್ನು ಎಣಿಸುವಷ್ಟು ಬಂದರೆ ಸಾಕು.

ಹಂತ 4: ಮನೆಯಲ್ಲೊಂದು ಪ್ರಯೋಗಾಲಯ

ಈ ಲೇಖನದಲ್ಲಿ ಒಂದೇ ಒಂದನ್ನು ಮಾಡುವುದಾದರೆ ಈ ಹಂತವನ್ನು ಮಾಡಿ. 8 ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪ್ ಆದರೂ ನಡೆಯುತ್ತದೆ. ವರ್ಚುವಲ್‌ಬಾಕ್ಸ್ ಹಾಕಿಕೊಂಡು ಅದರೊಳಗೆ ಉಬುಂಟು (ಲಿನಕ್ಸಿನ ಒಂದು ಬಗೆ) ಸ್ಥಾಪಿಸಿ. ಈಗ ಒಂದೇ ಯಂತ್ರದೊಳಗೆ ನಿಮಗೆ ಎರಡು ಕಂಪ್ಯೂಟರ್ ಸಿಕ್ಕಂತಾಯಿತು. ಎರಡರ ನಡುವೆ ‘ಹೋಸ್ಟ್-ಓನ್ಲಿ’ ನೆಟ್‌ವರ್ಕ್ ಇರಲಿ. ಆಗ ನೀವು ಮಾಡುವ ತಂಟೆ ಮನೆಯ ಹೊರಗೆ ಹೋಗುವುದಿಲ್ಲ. ಸಾಮಾನ್ಯವಾಗಿ ಹೊರಗಿನ ಯಂತ್ರಕ್ಕೆ, ಅಂದರೆ ನಿಮ್ಮ ಲ್ಯಾಪ್‌ಟಾಪಿಗೆ, 192.168.56.1 ಎಂಬ ವಿಳಾಸ ಇರುತ್ತದೆ. ಉಬುಂಟುವಿನಲ್ಲಿ ಎಸ್‌ಎಸ್‌ಎಚ್ ಸರ್ವರ್ ಹಾಕಿ. ದೂರದಿಂದ ಲಾಗಿನ್ ಆಗುವ ಬಾಗಿಲು ಅದು, ಪೋರ್ಟ್ 22.

ಈಗ ಹೊರಗಿನ ಯಂತ್ರದಿಂದ ‘ಅಡ್ಮಿನ್’ ಎಂಬ, ಉಬುಂಟುವಿನಲ್ಲಿ ಇಲ್ಲದ ಹೆಸರಿನಲ್ಲಿ ಲಾಗಿನ್ ಆಗಲು ಯತ್ನಿಸಿ. ಮೂರು ಸಲ ಬಾಯಿಗೆ ಬಂದ ಪಾಸ್‌ವರ್ಡ್ ಕೊಡಿ. ಆಮೇಲೆ ನಿಮ್ಮ ನಿಜವಾದ ಬಳಕೆದಾರ ಹೆಸರಿನಲ್ಲಿ ಎರಡು ಸಲ ತಪ್ಪು ಪಾಸ್‌ವರ್ಡ್, ಮೂರನೆಯ ಸಲ ಸರಿಯಾದದ್ದು ಕೊಡಿ. ನಂತರ ಉಬುಂಟುವಿನ ‘ವಾರ್’ ಫೋಲ್ಡರಿನೊಳಗಿನ ‘ಲಾಗ್’ ಫೋಲ್ಡರಿನಲ್ಲಿ ‘ಆಥ್.ಲಾಗ್’ ಎಂಬ ಕಡತ (/var/log/auth.log) ತೆರೆಯಿರಿ.

ಒಂದು ಸಾಲು ಹೀಗಿರುತ್ತದೆ: ದಿನಾಂಕ ಮತ್ತು ಸಮಯ, ಯಂತ್ರದ ಹೆಸರು, ಎಸ್‌ಎಸ್‌ಎಚ್‌ಡಿ ಎಂಬ ಸೇವೆಯ ಹೆಸರು, ಆಮೇಲೆ ‘ಫೇಲ್ಡ್ ಪಾಸ್‌ವರ್ಡ್ ಫಾರ್ ಇನ್‌ವ್ಯಾಲಿಡ್ ಯೂಸರ್ ಅಡ್ಮಿನ್ ಫ್ರಂ 192.168.56.1’, ಕೊನೆಗೆ ಪೋರ್ಟ್ ಸಂಖ್ಯೆ. ಇದರಲ್ಲಿ ‘ಇನ್‌ವ್ಯಾಲಿಡ್ ಯೂಸರ್’ ಎಂಬ ಎರಡು ಪದಗಳನ್ನು ಗಮನಿಸಿ. ಬಂದವರಿಗೆ ಈ ಯಂತ್ರದಲ್ಲಿ ಯಾರ್ಯಾರ ಖಾತೆಗಳಿವೆ ಎಂದು ಗೊತ್ತಿಲ್ಲ, ಊಹಿಸುತ್ತಿದ್ದಾರೆ ಎಂದರ್ಥ. ನಿಮ್ಮ ನಿಜವಾದ ಹೆಸರಿನ ಸಾಲಿನಲ್ಲಿ ಆ ಎರಡು ಪದಗಳು ಇರುವುದಿಲ್ಲ. ಹೊರಗಿನವರು ಬಳಕೆದಾರ ಹೆಸರನ್ನು ತಿಳಿದುಕೊಂಡೇ ಬಂದಿದ್ದರೆ ಪ್ರಕರಣದ ತೂಕ ಬೇರೆಯಾಗುತ್ತದೆ.

ಇನ್ನೊಂದು ಸೂಕ್ಷ್ಮ. ಒಂದೇ ಸಂದೇಶ ಮತ್ತೆ ಮತ್ತೆ ಬಂದರೆ ಉಬುಂಟು ಕೆಲವೊಮ್ಮೆ ಅದನ್ನು ಮತ್ತೆ ಬರೆಯದೆ, ‘ಮೆಸೇಜ್ ರಿಪೀಟೆಡ್ 2 ಟೈಮ್ಸ್’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತದೆ. ಆಗ ಕಡತದಲ್ಲಿ ಪದ ಹುಡುಕುವ ‘ಗ್ರೆಪ್’ ಆದೇಶ ಕೊಟ್ಟು ‘ಫೇಲ್ಡ್ ಪಾಸ್‌ವರ್ಡ್’ ಇರುವ ಸಾಲುಗಳನ್ನು ಎಣಿಸಿದರೆ ನೀವು ಮಾಡಿದ ಪ್ರಯತ್ನಗಳಿಗಿಂತ ಕಡಿಮೆ ಲೆಕ್ಕ ಸಿಗುತ್ತದೆ. ದಾಖಲೆಯ ಸಾಲೇ ಬೇರೆ, ನಡೆದ ಘಟನೆಯೇ ಬೇರೆ. ಸಂದರ್ಶನದಲ್ಲಿ ಈ ಒಂದು ಮಾತನ್ನು ನಿಮ್ಮದೇ ಪ್ರಯೋಗದ ಉದಾಹರಣೆಯೊಂದಿಗೆ ಹೇಳಿದರೆ ಎದುರು ಕುಳಿತವರು ಪೆನ್ನು ಕೆಳಗಿಟ್ಟು ಕೇಳುತ್ತಾರೆ.

ಕೊನೆಯಲ್ಲಿ ‘ಆಕ್ಸೆಪ್ಟೆಡ್ ಪಾಸ್‌ವರ್ಡ್’ ಎಂಬ ಸಾಲು ಇರುತ್ತದೆ. ವಿಫಲ ಯತ್ನಗಳ ಸಾಲುಗಳಿಗಿಂತ ಹೆಚ್ಚು ಭಯಪಡಬೇಕಾದದ್ದು ಅವುಗಳ ಹಿಂದೆಯೇ ಬರುವ ಈ ಒಂದು ಸಾಲಿಗೆ. ಹೊರಗಿನವರು ಒಳಗೆ ಬಂದಿರಬಹುದು. ಅಥವಾ ಸೋಮವಾರ ಬೆಳಿಗ್ಗೆ ಕಚೇರಿಗೆ ಬಂದ ಗುಮಾಸ್ತರಿಗೆ ಮೂರನೆಯ ಸಲಕ್ಕೆ ಪಾಸ್‌ವರ್ಡ್ ನೆನಪಾಗಿರಬಹುದು. ಯಾವುದು ಎಂದು ಹೇಳಲು ಸಮಯ ನೋಡಬೇಕು, ಐಪಿ ವಿಳಾಸ ಎಂದಿನದೇ ಎಂದು ನೋಡಬೇಕು, ಒಳಗೆ ಬಂದ ಮೇಲೆ ಆ ಖಾತೆಯಿಂದ ಏನೇನು ಮಾಡಿದ್ದಾರೆ ಎಂದು ನೋಡಬೇಕು. ಎಸ್‌ಒಸಿಯಲ್ಲಿ ಪಾಳಿ ಪೂರ್ತಿ ಮಾಡುವುದು ಇದನ್ನೇ. ವಿಂಡೋಸ್‌ನಲ್ಲಾದರೆ ವಿಫಲ ಲಾಗಿನ್‌ಗೆ 4625, ಯಶಸ್ವಿ ಲಾಗಿನ್‌ಗೆ 4624 ಎಂಬ ಸಂಖ್ಯೆಗಳು ದಾಖಲೆಯಲ್ಲಿ ಕಾಣುತ್ತವೆ. ಇವೆರಡು ನಾಲಿಗೆಯ ತುದಿಯಲ್ಲಿರಲಿ.

ಈ ಪ್ರಯೋಗ ಮುಗಿದ ಕೂಡಲೇ ಒಂದು ಪುಟದ ವರದಿ ಬರೆಯಿರಿ: ಯಾವಾಗ, ಎಲ್ಲಿಂದ, ಯಾವ ಖಾತೆಗೆ, ಎಷ್ಟು ಸಲ, ಕೊನೆಗೆ ಏನಾಯಿತು, ಈಗ ಏನು ಮಾಡಬೇಕು. ಇಂತಹ ಹತ್ತು ಹದಿನೈದು ವರದಿಗಳನ್ನು ಕೋಡ್, ಬರಹಗಳನ್ನು ಇಡುವ ಗಿಟ್‌ಹಬ್ ತಾಣದಲ್ಲೋ ಸ್ವಂತ ಬ್ಲಾಗಿನಲ್ಲೋ ಇಟ್ಟರೆ ಬಯೋಡೇಟಾದಲ್ಲಿ ಹಾಕಿಕೊಳ್ಳಲು ನಿಮ್ಮದೇ ಆದ ಕೆಲಸ ಇರುತ್ತದೆ.

ಹಂತ 5: ವೆಬ್ ತಾಣಗಳ ದೋಷಗಳು

ಓವಾಸ್ಪ್ ಎಂಬ ಸಂಸ್ಥೆ ವೆಬ್ ತಾಣಗಳ ಹತ್ತು ಮುಖ್ಯ ದೋಷಗಳ ಪಟ್ಟಿಯನ್ನು ಕೆಲವು ವರ್ಷಗಳಿಗೊಮ್ಮೆ ಪ್ರಕಟಿಸುತ್ತದೆ. 2021ರ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದದ್ದು ಪ್ರವೇಶ ನಿಯಂತ್ರಣದ ಲೋಪ. ಒಂದು ಕಾಲ್ಪನಿಕ ಅಂಕಪಟ್ಟಿ ತಾಣವನ್ನು ತೆಗೆದುಕೊಳ್ಳಿ. ಲಾಗಿನ್ ಆಗಿ ನಿಮ್ಮ ಅಂಕಪಟ್ಟಿ ತೆರೆದಾಗ ವಿಳಾಸದ ಕೊನೆಯಲ್ಲಿ ನಿಮ್ಮ ನೋಂದಣಿ ಸಂಖ್ಯೆ ಇದೆ. ಅದರ ಕೊನೆಯ ಅಂಕಿಯನ್ನು ಬದಲಿಸಿದರೆ ಪಕ್ಕದವರ ಅಂಕಪಟ್ಟಿ ತೆರೆದುಕೊಳ್ಳುತ್ತದೆ. ನೀವು ಯಾರು ಎಂದು ತಾಣ ಕೇಳಿತು, ಆದರೆ ಈ ಕಡತ ನಿಮ್ಮದೇ ಎಂದು ಕೇಳುವುದನ್ನು ಮರೆಯಿತು. ಯಾವ ಟೂಲ್ ಕೂಡ ಬೇಕಿಲ್ಲದ ದೋಷ ಇದು.

ಕಾಲ್ಪನಿಕ ಎಂದು ಬೇಕೆಂದೇ ಹೇಳಿದೆ. ಇದನ್ನು ನಿಮ್ಮ ಕಾಲೇಜಿನ ತಾಣದಲ್ಲಿ ಪರೀಕ್ಷಿಸಲು ಕೈ ತುರಿಸುತ್ತಿದ್ದರೆ ಹಂತ 2ಕ್ಕೆ ಹಿಂತಿರುಗಿ. ಓವಾಸ್ಪ್‌ನದೇ ‘ಜ್ಯೂಸ್ ಶಾಪ್’ ಎಂಬ ನಕಲಿ ಅಂಗಡಿಯನ್ನು ನಿಮ್ಮ ಯಂತ್ರದಲ್ಲೇ ನಡೆಸಿ ಮನಸೋಇಚ್ಛೆ ಒಡೆಯಬಹುದು. ಪೋರ್ಟ್‌ಸ್ವಿಗ್ಗರ್‌ನ ವೆಬ್ ಸೆಕ್ಯುರಿಟಿ ಅಕಾಡೆಮಿ ಪೂರ್ತಿ ಉಚಿತ, ಮತ್ತು ದುಡ್ಡು ಕೊಟ್ಟು ಸೇರುವ ಬಹಳಷ್ಟು ತರಗತಿಗಳಿಗಿಂತ ಚೆನ್ನಾಗಿದೆ. ಟ್ರೈಹ್ಯಾಕ್‌ಮಿಯಲ್ಲೂ ಉಚಿತ ಪಾಠಗಳಿವೆ.

ಹಂತ 6: ಇಂಗ್ಲಿಷ್ ಎಂಬ ಅಂಜಿಕೆ

ಕನ್ನಡ ಮಾಧ್ಯಮದಲ್ಲಿ ಓದಿದವರು ಹಿಂಜರಿಯುವುದು ಇಲ್ಲಿಯೇ. ವರದಿ ಇಂಗ್ಲಿಷಿನಲ್ಲೇ ಬರೆಯಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಆದರೆ ಅದಕ್ಕೆ ಬೇಕಾದದ್ದು ಅಲಂಕಾರದ ಇಂಗ್ಲಿಷ್ ಅಲ್ಲ. ಚಿಕ್ಕ ವಾಕ್ಯಗಳು, ಸರಿಯಾದ ಕ್ರಮ, ಊಹೆಯನ್ನೂ ಕಂಡದ್ದನ್ನೂ ಬೆರೆಸದ ಎಚ್ಚರ. ಮೊದಲು ಕನ್ನಡದಲ್ಲಿ ಬರೆದು ಘಟನೆ ನಿಮಗೇ ಸ್ಪಷ್ಟವಾಗಿದೆಯೇ ನೋಡಿಕೊಳ್ಳಿ, ಆಮೇಲೆ ಇಂಗ್ಲಿಷಿಗೆ ತನ್ನಿ. ಸುಲಲಿತವಾಗಿ ಮಾತನಾಡಿ ಗೊಂದಲವಾಗಿ ಬರೆಯುವವರಿಗಿಂತ ಮೇಷ್ಟ್ರು ಕಲಿಸಿದಂತೆ ಕರ್ತೃ, ಕರ್ಮ, ಕ್ರಿಯಾಪದ ಇಟ್ಟು ಬರೆಯುವವರೇ ಈ ಕೆಲಸಕ್ಕೆ ಮೇಲು.

ಹಂತ 7: ಸರ್ಟಿಫಿಕೇಟು, ಕೋರ್ಸು, ದುಡ್ಡು

ಅಪ್ಪನ ಕೈಯಿಂದ ಲಕ್ಷ ರೂಪಾಯಿ ತಂದು ತರಬೇತಿ ಕೇಂದ್ರಕ್ಕೆ ಸುರಿಯುವ ಮುನ್ನ ಮೇಲಿನ ಹಂತಗಳನ್ನು ಮುಗಿಸಿ. ಆಮೇಲೆ ಒಂದು ಸರ್ಟಿಫಿಕೇಟ್ ಬೇಕೆನಿಸಿದರೆ ಐಎಸ್‌ಸಿ2 ಸಂಸ್ಥೆಯ ‘ಸರ್ಟಿಫೈಡ್ ಇನ್ ಸೈಬರ್‌ಸೆಕ್ಯುರಿಟಿ’ ಪರೀಕ್ಷೆ ನೋಡಿ, ಅದಕ್ಕೆ ಅನುಭವದ ಷರತ್ತಿಲ್ಲ. ಕಾಂಪ್‌ಟಿಯಾದ ಸೆಕ್ಯುರಿಟಿ ಪ್ಲಸ್ ಅದಕ್ಕಿಂತ ಆಳವಾದದ್ದು: 90 ನಿಮಿಷ, ಗರಿಷ್ಠ 90 ಪ್ರಶ್ನೆ. ಅನುಭವಿಗಳಿಗೆಂದೇ ಇರುವ ಸಿಐಎಸ್‌ಎಸ್‌ಪಿ ಸರ್ಟಿಫಿಕೇಟ್ 5 ವರ್ಷದ ಅನುಭವ ಕೇಳುತ್ತದೆ. ‘ಫ್ರೆಶರ್‌ಗಳಿಗೆ ಸಿಐಎಸ್‌ಎಸ್‌ಪಿ’ ಎಂದು ಯಾರಾದರೂ ಜಾಹೀರಾತು ಕೊಟ್ಟರೆ ಆ ಅಂಗಡಿಗೆ ಕಾಲಿಡಬೇಡಿ. ಪೆನೆಟ್ರೇಷನ್ ಟೆಸ್ಟಿಂಗ್‌ನ ಹೆಸರಾಂತ ಓಎಸ್‌ಸಿಪಿ ಪರೀಕ್ಷೆಯಲ್ಲಿ ಸುಮಾರು ಒಂದು ದಿನ ಪ್ರಾಯೋಗಿಕ, ಬಳಿಕ ವರದಿ ಬರೆಯಲೆಂದೇ ಇನ್ನೊಂದು ದಿನ ಕೊಡುತ್ತಾರೆ. ವರದಿಗೆ ಎಷ್ಟು ಬೆಲೆ ಎಂದು ಇದರಿಂದಲೇ ತಿಳಿಯಿರಿ.

ಪೂರ್ಣಾವಧಿ ಓದು ಬೇಕೆನ್ನುವವರಿಗೆ ಕೇಂದ್ರ ಸರ್ಕಾರದ ಕಂಪ್ಯೂಟಿಂಗ್ ಸಂಸ್ಥೆ ಸಿ-ಡ್ಯಾಕ್‌ನ ಸ್ನಾತಕೋತ್ತರ ಡಿಪ್ಲೊಮಾ ಇದೆ, ಪ್ರವೇಶಕ್ಕೆ ಸಿ-ಕ್ಯಾಟ್ ಪರೀಕ್ಷೆ ಬರೆಯಬೇಕು. ಫೊರೆನ್ಸಿಕ್ಸ್ ಕಡೆ ಒಲವಿದ್ದರೆ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಧಾರವಾಡದಲ್ಲೇ ಇದೆ. ಆನ್‌ಲೈನ್ ಪಾಠಗಳ ತಾಣಗಳಾದ ‘ಸ್ವಯಂ’ ಮತ್ತು ಎನ್‌ಪಿಟಿಇಎಲ್‌ನಲ್ಲಿ ಐಐಟಿ ಪ್ರಾಧ್ಯಾಪಕರ ನೆಟ್‌ವರ್ಕಿಂಗ್ ಪಾಠಗಳನ್ನು ಉಚಿತವಾಗಿ ಕೇಳಬಹುದು. ಭಾರತೀಯ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ ನಡೆಯುವ ಕರ್ನಾಟಕ ಸರ್ಕಾರದ ಸೈಬರ್ ಭದ್ರತಾ ಉತ್ಕೃಷ್ಟತಾ ಕೇಂದ್ರ, ಅಂದರೆ ಸೈಸೆಕ್, ಹೊರಡಿಸುವ ಪ್ರಕಟಣೆಗಳ ಮೇಲೂ ಕಣ್ಣಿಡಿ.

ಹಂತ 8: ಕೆಲಸ ಹುಡುಕುವುದು

ನೇರವಾಗಿ ಭದ್ರತೆಯ ಹುದ್ದೆಯೇ ಸಿಗಬೇಕೆಂದು ಹಟ ಹಿಡಿಯಬೇಡಿ. ಮೈಸೂರಿನ ಆಸ್ಪತ್ರೆ, ಕಾಲೇಜು, ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆ, ಮಂಡ್ಯದ ಸಹಕಾರ ಬ್ಯಾಂಕು, ಎಲ್ಲೇ ಆಗಲಿ, ನೆಟ್‌ವರ್ಕ್ ಅಥವಾ ಸಿಸ್ಟಂ ಸಪೋರ್ಟ್ ಕೆಲಸ ಸಿಕ್ಕರೆ ಸೇರಿಕೊಳ್ಳಿ. ಅಲ್ಲಿ ಬ್ಯಾಕಪ್ ತೆಗೆಯುವುದು, ಕೆಲಸ ಬಿಟ್ಟುಹೋದವರ ಖಾತೆಗಳನ್ನು ಮುಚ್ಚುವುದು, ಅಪ್‌ಡೇಟ್ ಹಾಕುವುದು ನಿಮ್ಮ ಪಾಲಿಗೆ ಬರುತ್ತದೆ. ಇದೂ ಭದ್ರತೆಯೇ. 2017ರ ಮೇ ತಿಂಗಳಲ್ಲಿ ಜಗತ್ತನ್ನೇ ಕಾಡಿದ ವಾನಾಕ್ರೈ ದಾಳಿಯನ್ನು (ಕಡತಗಳನ್ನು ಒತ್ತೆಯಿಟ್ಟು ಹಣ ಕೇಳಿದ ದಾಳಿ) ತಡೆಯಲು ಬೇಕಿದ್ದ ಪ್ಯಾಚನ್ನು, ಅಂದರೆ ದೋಷ ಸರಿಪಡಿಸುವ ಅಪ್‌ಡೇಟನ್ನು, ಮೈಕ್ರೋಸಾಫ್ಟ್ ಅದೇ ವರ್ಷ ಮಾರ್ಚಿನಲ್ಲೇ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಎಸ್‌ಒಸಿ ಹುದ್ದೆಗಳು ಹೆಚ್ಚಿರುವುದು ಬೆಂಗಳೂರಿನಲ್ಲಿ. ಮಂಡ್ಯದಿಂದ ಬೆಳಗಿನ ರೈಲು ಹಿಡಿದು ಹೋಗಿಬರುವವರು ಬಹಳ ಮಂದಿ ಇದ್ದಾರೆ ನಿಜ, ಆದರೆ ಪಾಳಿಯ ಕೆಲಸಕ್ಕೆ ರೈಲಿನ ವೇಳಾಪಟ್ಟಿ ಹೊಂದುವುದಿಲ್ಲ. ಮೊದಲ ಒಂದೆರಡು ವರ್ಷ ಅಲ್ಲಿಯೇ ಕೋಣೆ ಹಿಡಿಯುವುದು ಮೇಲು.

ಮೋಸದ ವಿಷಯ ಇಲ್ಲಿ ಹೇಳಲೇಬೇಕು. ಡೇಟಾ ಎಂಟ್ರಿ, ಐಟಿ ಸಪೋರ್ಟ್ ಎಂದು ಆಸೆ ತೋರಿಸಿ ಯುವಕರನ್ನು ಕಾಂಬೋಡಿಯಾ, ಮ್ಯಾನ್ಮಾರ್‌ಗೆ ಕರೆದೊಯ್ದು, ಪಾಸ್‌ಪೋರ್ಟ್ ಕಿತ್ತುಕೊಂಡು, ಆನ್‌ಲೈನ್ ವಂಚನೆ ಮಾಡಿಸಿದ ಪ್ರಕರಣಗಳು ಭಾರತದ ಹಲವೆಡೆ ದಾಖಲಾಗಿವೆ. ವಿದೇಶದ ಕೆಲಸ ಎಂದರೆ ಏಜೆಂಟ್ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಂದಾಯಿತರೇ ಎಂದು ಪರೀಕ್ಷಿಸಿ. ಊರಿನಲ್ಲೇ ಆದರೂ, ಕೆಲಸ ಕೊಡಲು ಠೇವಣಿ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ನೀವು ಈ ವಿಷಯ ಓದುತ್ತಿದ್ದೀರಿ ಎಂದು ಗೊತ್ತಾದ ದಿನದಿಂದ ಬೀದಿಯವರೆಲ್ಲ ಮೊಬೈಲ್ ಹಿಡಿದು ಬರುತ್ತಾರೆ: ‘ಖಾತೆಯಿಂದ ದುಡ್ಡು ಹೋಯಿತು, ನೋಡಪ್ಪ.’ ಹ್ಯಾಕ್ ಮಾಡಿ ವಾಪಸ್ ತರುತ್ತೇನೆ ಎಂದು ಹೊರಡಬೇಡಿ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಲು ನೆರವಾಗಿ, ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಠಾಣೆಗೆ ಕಳುಹಿಸಿ. ಸಂದೇಶ, ವಹಿವಾಟಿನ ಸಂಖ್ಯೆ, ಕರೆ ಬಂದ ಸಮಯ ಎಲ್ಲವನ್ನೂ ಅಳಿಸದೆ ಒಂದು ಹಾಳೆಯಲ್ಲಿ ಕ್ರಮವಾಗಿ ಬರೆದುಕೊಡಿ. ದುಡ್ಡು ಬೇಗ ತಡೆಹಿಡಿದಷ್ಟೂ ಸಿಗುವ ಸಾಧ್ಯತೆ ಹೆಚ್ಚು.

ಹಂತ 9: ಸಂದರ್ಶನದ ಒಂದು ಪ್ರಶ್ನೆ

‘ರಾತ್ರಿ 2 ಗಂಟೆ. ಲೆಕ್ಕಪತ್ರ ವಿಭಾಗದ ಕಂಪ್ಯೂಟರೊಂದು ಅಪರಿಚಿತ ವಿಳಾಸಕ್ಕೆ ಭಾರಿ ಪ್ರಮಾಣದ ದತ್ತಾಂಶ ಕಳುಹಿಸುತ್ತಿದೆ. ಏನು ಮಾಡುತ್ತೀರಿ?’ ಹೊಸಬರನ್ನು ಹೀಗೆ ಕೇಳುವುದು ರೂಢಿ. ‘ಸ್ವಿಚ್ ಆಫ್ ಮಾಡುತ್ತೇನೆ’ ಎಂಬುದು ತಕ್ಷಣ ಬಾಯಿಗೆ ಬರುವ ಉತ್ತರ. ಆಫ್ ಮಾಡಿದರೆ ರ‍್ಯಾಮ್‌ನಲ್ಲಿರುವ ಸುಳಿವುಗಳು ಅಳಿಸಿಹೋಗುತ್ತವೆ. ಮೊದಲು ಅದು ನಿಗದಿತ ಬ್ಯಾಕಪ್ ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಅಲ್ಲ ಎಂದಾದರೆ ನಿಯಮಾವಳಿಯಂತೆ ಮೇಲಿನವರಿಗೆ ತಿಳಿಸಿ, ಯಂತ್ರವನ್ನು ಚಾಲೂ ಇಟ್ಟುಕೊಂಡೇ ನೆಟ್‌ವರ್ಕಿನಿಂದ ಬೇರ್ಪಡಿಸಬೇಕು. ಅದೇ ವಿಳಾಸದೊಂದಿಗೆ ಬೇರೆ ಯಾವ ಯಂತ್ರ ಮಾತನಾಡಿದೆ ಎಂದು ದಾಖಲೆಗಳಲ್ಲಿ ಹುಡುಕಬೇಕು. ಪ್ರತಿ ಹೆಜ್ಜೆಯ ಸಮಯವನ್ನೂ ಬರೆದಿಡಬೇಕು, ಏಕೆಂದರೆ ಸೈಬರ್ ಘಟನೆಗಳನ್ನು ನಿಭಾಯಿಸುವ ಕೇಂದ್ರ ಸರ್ಕಾರದ ತಂಡ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಇಂತಹ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಸಂಸ್ಥೆ ಅದಕ್ಕೆ ವರದಿ ಕೊಡಬೇಕು. ದಾಖಲೆಗಳನ್ನು 180 ದಿನ ಇಟ್ಟುಕೊಂಡಿರಬೇಕೆಂಬುದೂ ಅದೇ ನಿರ್ದೇಶನದಲ್ಲಿದೆ.

ಆಫರ್ ಪತ್ರ ಕೈಗೆ ಬಂದ ಮೇಲೆ ಸಹಿ ಹಾಕುವ ಮೊದಲು ನೀವೂ ನಾಲ್ಕು ಪ್ರಶ್ನೆ ಕೇಳಿ: ಪಾಳಿ ಎಷ್ಟು ದಿನಕ್ಕೊಮ್ಮೆ ಬದಲಾಗುತ್ತದೆ, ರಾತ್ರಿ ಪಾಳಿಗೆ ಭತ್ಯೆ ಮತ್ತು ವಾಹನ ಇದೆಯೇ, ಬಾಂಡ್ ಇದ್ದರೆ ಎಷ್ಟು ಅವಧಿಗೆ, ಸರ್ಟಿಫಿಕೇಟ್ ಪರೀಕ್ಷೆಯ ಶುಲ್ಕವನ್ನು ಕಂಪನಿ ಭರಿಸುತ್ತದೆಯೇ. ಉತ್ತರಗಳನ್ನು ಇಮೇಲ್‌ನಲ್ಲೇ ತರಿಸಿಕೊಳ್ಳಿ.